ಹೆಪ್ಪಿನ ಕಿಂಡಿ

ಇವತ್ತು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಮೊಸರಾಗಬೇಕಿದ್ದ ಹಾಲು ಒಡೆದು ಹುಳಿ ವಾಸನೆ ಹೊಡೆಯುತ್ತಿತ್ತು. ಹೆಪ್ಪಿಗೆಂದು ಎತ್ತಿಟ್ಟ ಮೊಸರೂ ಕೆಟ್ಟಿತ್ತು. ಇದೇನು ದೊಡ್ಡ ಸುದ್ದಿಯಲ್ಲ, ಜಮಖಂಡಿಯ ಯಾವ ಅಂಗಡಿಯಲ್ಲಾದರೂ ಮೊಸರಿನ ಪಾಕೀಟು ಸಿಗುತ್ತದೆ. ಆದರೆ ಅಂಗಡಿಗೆಂದು ಚಪ್ಪಲಿ ಮೆಟ್ಟಿದವಳು ಹೊಸ್ತಿಲಲ್ಲೇ ನಿಂತೆ. ನನಗೆ ಗಂಗವ್ವ, ಕಾಶವ್ವ ನೆನಪಾದರು.

ಬೀಳಗಿ ಕಡೆಯ ಒಂದು ಪುನರ್ವಸತಿ ಊರು ಅವರದು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಚೀಟಿ ಎತ್ತಿ ಜಾಗ ಹಂಚಿದ್ದರು; ಅಕ್ಕಪಕ್ಕದವರು ಊರಿನ ಬೇರೆ ಬೇರೆ ತುದಿಗೆ ಬಿದ್ದಿದ್ದರು. ಹೊಸ ಬದುಕು ಅಲ್ಲಿಯವರಿಗೆ ಹೇಗೆ ಅನ್ನಿಸುತ್ತದೆ ಎಂದು ಕೇಳಿ ತಿಳಿಯುವುದು ನನ್ನ ಅಧ್ಯಯನ. ಲೆಕ್ಕ ಬೇಡ, ಅನುಭವ ಬೇಕು ಎಂದು ನಮಗೆ ಕಲಿಸಿದ್ದರು. ಅನುಭವ ಕೇಳಿದರೆ ಎಲ್ಲರೂ “ಛಲೋ ಐತ್ರಿ” ಎನ್ನುತ್ತಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿ ರೆಕಾರ್ಡರ್ ಆರಿಸುತ್ತಿದ್ದೆ.

ಹಳೆಯ ನೆರೆಯವರ ಮಾತು ತೆಗೆದಾಗ ಮಾತ್ರ ಗಂಗವ್ವ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. “ಕಾಶವ್ವ ಆ ತುದಿಗ ಅದಾಳ. ಆಕಿಗಿ ನನ್ನ ನೆನಪ ಎಲ್ಲೈತ್ರಿ?” ಆ ತುದಿಯಲ್ಲಿ ಕಾಶವ್ವ, “ಗಂಗವ್ವ ಈಗ ದೊಡ್ಡ ಮಂದ್ಯಾಗ ಸೇರ್ಯಾಳ್ರಿ. ನಾನ ಯಾಕ ಮೊದಲ ಹೋಗ್ಲಿ?” ಎಂದಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಬಾರದೆಂಬುದು ನಮ್ಮ ಕೆಲಸದ ಕಟ್ಟಳೆ. ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡು ಓಡಾಡಿದೆ.

ಮಾತಿನಲ್ಲಿ ಸಿಗದ್ದು ಚಿತ್ರದಲ್ಲಿ ಸಿಕ್ಕೀತೆಂದು ಒಂದು ಮಧ್ಯಾಹ್ನ ಹೆಂಗಸರನ್ನು ಬಯಲಿಗೆ ಕರೆದೆ. ರಂಗೋಲಿ ಪುಡಿಯಲ್ಲಿ ಹಳೆಯ ಊರು ನೆಲದ ಮೇಲೆ ಎದ್ದಿತು. ಬಾವಿ, ಓಣಿ, ಒಬ್ಬರು ಕೂರುವಷ್ಟು ಅಗಲದ ಮನೆಗಳು. “ಬಾವಿ ಅಲ್ಲಲ್ಲ ಬೇ, ಈ ಕಡಿ. ನೀರ ತರೂದ ಮರತಿ?” ಎಂದು ಜಗಳವೂ ಆಯಿತು. ನಾನು ಫೋಟೊ ತೆಗೆಯುತ್ತ ಹಿಂದೆ ಸರಿದೆ.

“ನಮ್ಮ ಒಲಿ ತುಳದ್ರಲ್ರಿ, ಮೇಡಮ್” ಎಂದಳು ಕಾಶವ್ವ. “ಬಾಗಲದಾಗಿಂದ ಹೊರಗ ಬರ್ರಿ.”

ಎಲ್ಲರೂ ನಕ್ಕರು. ಆದರೆ ನಾನು ಗೆರೆ ದಾಟಲು ಕಾಲೆತ್ತಿದಾಗ ನಗು ನಿಂತಿತು. ಬಾಗಿಲು ಹುಡುಕಿಕೊಂಡು ಹೊರಬಂದೆ.

ಕಾಶವ್ವನ ಅಡುಗೆಮನೆಯ ಗೋಡೆಯಲ್ಲಿ ಅಂಗೈಯಗಲ ಜಾಗ ಖಾಲಿ ಉಳಿದಿತ್ತು. ಗೆರೆ ತುಂಬಲು ಬಗ್ಗಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. “ಅದು ಕಿಂಡಿ ಐತ್ರಿ. ಗಂಗವ್ವಗ ಹೆಪ್ಪ ಅಲ್ಲಿಂದನ ಕೊಡತಿದ್ದೆ.”

ಗಂಗವ್ವ ಆಗಲೇ ಬಂದು ಬಯಲಿನ ಅಂಚಿಗೆ ನಿಂತಿದ್ದಳು. ಆ ಮಾತು ಅವಳಿಗೂ ಕೇಳಿಸಿತು. ಅಡ್ಡ ಹಾಯ್ದು ಬರಲಿಲ್ಲ. ಓಣಿಗುಂಟ ನಡೆದು, ಬಾವಿ ಬಳಸಿ, ತನ್ನ ಬಾಗಿಲಲ್ಲಿ ತುಸು ಬಗ್ಗಿ ಒಳಗೆ ಹೋದಳು. ಅಲ್ಲಿ ಬಗ್ಗುವಂಥ ಬಾಗಿಲೇನೂ ಇರಲಿಲ್ಲ. ಎರಡು ಮನೆಗಳ ನಡುವಿನ ಗೋಡೆಯ ಪಕ್ಕ ಕುಳಿತು ಕಿಂಡಿಯತ್ತ ಕೈ ಚಾಚಿದಳು.

“ಹೆಪ್ಪ ಐತೇನ್ಬೇ?”

“ಇಷ್ಟ ದಿನಾ ಏನ ಮಾಡ್ದಿ?”

“ಪಾಕೀಟ ತಂದೆ. ರುಚಿ ಇಲ್ಲ ಬಿಡ.”

ಕಾಶವ್ವ ಆ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು, ತೆಗೆಯಲಿಲ್ಲ. ನಾನು ಫೋಟೊ ತೆಗೆಯಲಿಲ್ಲ. ಸಂಜೆ ನಾನು ಬಸ್ಸಿಗೆ ಹೊರಟಾಗ ಗಂಗವ್ವ ಬಟ್ಟಲು ಹಿಡಿದು ಊರಿನ ಆ ತುದಿಗೆ ನಡೆದಿದ್ದಳು.

ಇವತ್ತು ಹೊಸ್ತಿಲಲ್ಲಿ ನಿಂತವಳು ಒಳಗೆ ಹೋಗಿ ಒಂದು ಬಟ್ಟಲು ತಂದೆ. ಊರೂರಿನ ನೆರೆಹೊರೆಯ ಬಗ್ಗೆ ಪುಟಗಟ್ಟಲೆ ಬರೆದ ನಾನು ಪಕ್ಕದ ಮನೆಯ ಬಾಗಿಲು ಒಮ್ಮೆಯೂ ತಟ್ಟಿರಲಿಲ್ಲ. ತಟ್ಟಿದೆ.

“ಹೆಪ್ಪ ಐತೇನ್ರಿ, ಅಕ್ಕಾರ?”

ಬಾಗಿಲು ತೆರೆದಾಕೆ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು.

“ಇವತ್ತಾದ್ರೂ ಕೇಳಿದ್ರಲ್ರಿ” ಎಂದಳು. “ಒಳಗ ಬರ್ರಿ.”