ಆಯಿ ನೆಂಟರ ಹಾಗಿದ್ದ ಮನೆ

ಇವತ್ತು ಮರಾಠಿಕೊಪ್ಪದ ತಿರುವಿನಲ್ಲಿ ಒಂದು ಗೇಟಿಗೆ ರಟ್ಟು ಕಟ್ಟಿದ್ದರು: ‘ಮನೆ ಬಾಡಿಗೆಗೆ ಇದೆ. ಸಣ್ಣ ಸಂಸಾರಕ್ಕೆ ಮಾತ್ರ.’ ಓದಿ ಮುಂದೆ ಹೋಗಬಹುದಿತ್ತು. ಸ್ಕೂಟರ್ ನಿಲ್ಲಿಸಿ ನೋಡುತ್ತ ನಿಂತೆ.

ನೀವು ಶಿರಸಿಯಲ್ಲಿ ಬಾಡಿಗೆ ಮನೆ ಹುಡುಕಿದ್ದೀರೋ ಇಲ್ಲವೋ. ಇಲ್ಲಿ ಹೆಣ್ಣು ನೋಡುವುದಕ್ಕಿಂತ ಹೆಚ್ಚು ವಿಚಾರಣೆ ನಡೆಯುತ್ತದೆ. ಊರು, ಗೋತ್ರ, ಕೆಲಸ ಎಲ್ಲ ಮುಗಿದು ಚಾ ಲೋಟ ಕೈಗೆ ಬಂದ ಮೇಲೆ ಕೊನೆಯ ಪ್ರಶ್ನೆ: ಕಾಯಿಲೆಯವರು ಯಾರಾದರೂ ಇದ್ದಾರಾ? ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಬೇಕು ಎಂಬ ನಂಬಿಕೆ ಇದೆಯಲ್ಲ, ಅದರ ಹೆದರಿಕೆ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಹೃದಯದ ಕಾಯಿಲೆ. ಸಿದ್ದಾಪುರದಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಶಿರಸಿಯ ಆಸ್ಪತ್ರೆಗೆ ಬರುವುದು ಅವಳಿಂದ ಆಗುತ್ತಿರಲಿಲ್ಲ. ನಿಜ ಹೇಳಿದ ಮೂರು ಕಡೆ ನಯವಾಗಿ ಸಾಗಹಾಕಿದರು. ನಾಲ್ಕನೆಯ ಮನೆಯ ಯಜಮಾನಿ ಸರಸಕ್ಕನಿಗೆ, ಇರುವವನು ನಾನೊಬ್ಬನೇ, ಆಯಿ ಆಗಾಗ ನಾಲ್ಕು ದಿನ ಬಂದು ಹೋಗುತ್ತಾಳೆ ಎಂದುಬಿಟ್ಟೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ. ಅವರು ಗಮನಿಸಲಿಲ್ಲ ಎಂದುಕೊಂಡೆ.

ಆಯಿ ಆ ಸುಳ್ಳನ್ನು ನನಗಿಂತ ಚೆನ್ನಾಗಿ ಪಾಲಿಸಿದಳು. ಬಟ್ಟೆ ಕಪಾಟಿಗೆ ಹೋಗಲಿಲ್ಲ, ಚೀಲದಲ್ಲೇ ಉಳಿಯಿತು. ಅಂಗಳದಲ್ಲಿ ಸೀರೆ ಒಣಹಾಕಲಿಲ್ಲ. ಕೆಮ್ಮು ಬಂದರೆ ಬಾಯಿಗೆ ಸೆರಗು. ಎಂಟು ತಿಂಗಳು ಹೀಗೆ ನೆಂಟರ ಹಾಗಿದ್ದಳು. ಆಗ ನನಗದು ಜಾಣತನವಾಗಿ ಕಂಡಿತ್ತು, ಈಗ ನಾಚಿಕೆಯಾಗುತ್ತದೆ.

ಕೊನೆಗೆ ಡಾಕ್ಟರು, ಇನ್ನು ಮಾಡುವುದೇನಿಲ್ಲ, ಮನೆಯಲ್ಲೇ ಇರಲಿ ಎಂದರು. ಮೂರನೆಯ ದಿನ ಬೆಳಿಗ್ಗೆ ಉಸಿರು ಏರತೊಡಗಿದಾಗ ನಾನು ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು. ನಕ್ಷತ್ರ ಒಳ್ಳೆಯದಿರಲಿಲ್ಲ. ರಿಕ್ಷಾ ತರಿಸಿ ಮತ್ತೆ ಆಸ್ಪತ್ರೆಗೆ ಒಯ್ದೆ. ಹಾಸಿಗೆ ಖಾಲಿಯಿರಲಿಲ್ಲ, ಬೆಂಚಿನ ಮೇಲೆ ಮಲಗಿಸಿದರು.

“ಮನೆಗೆ ಹೋಪನ ತಮಾ” ಎಂದಳು, ಎರಡು ಸಲ. ಸ್ವಲ್ಪ ತಡಿ ಎಂದೆ. ಮಧ್ಯಾಹ್ನದೊಳಗೆ ಹೋದಳು.

ಕಾರ್ಯವೆಲ್ಲ ಮುಗಿಸಿ ಬೀಗದಕೈ ಕೊಡಲು ಹೋದರೆ ಸರಸಕ್ಕ ತೆಗೆದುಕೊಳ್ಳಲಿಲ್ಲ. ಆಯಿ ಬಂದ ವಾರದಲ್ಲೇ ಅವರಿಗೆ ಎಲ್ಲ ಹೇಳಿದ್ದಳಂತೆ. ಕಡೆಯವರೆಗೂ ಇಲ್ಲೇ ಇರಿ ಎಂದು ಅವರೂ ಮಾತು ಕೊಟ್ಟಿದ್ದರಂತೆ. ಮಗನಿಗೆ ಮಾತ್ರ ತಿಳಿಯಬಾರದು, ಸುಳ್ಳು ಹೊರಬಿತ್ತೆಂದು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ ಎಂದಿದ್ದಳಂತೆ ಆಯಿ.

“ಎಂತಕ್ಕೆ ಒಯ್ದೆ ತಮಾ? ಒಂದು ಮಾತು ಕೇಳಿದ್ರೆ ಇಲ್ಲೇ ಇರ್ಲಿ ಹೇಳ್ತಿದ್ದಿ ಆನು” ಎಂದರು ಸರಸಕ್ಕ.

ಬೀಗದಕೈ ನನ್ನ ಕೈಯಲ್ಲೇ ಉಳಿಯಿತು, ನಾನೂ ಆ ಮನೆಯಲ್ಲೇ ಉಳಿದೆ.

ರಟ್ಟು ಕಟ್ಟಿದವರು ಹೊರಗೆ ಬಂದು, ಮನೆ ನೋಡುತ್ತೀರಾ ಎಂದರು. ಬೇಡ, ನನಗೆ ಮನೆ ಇದೆ ಎಂದೆ. ಸರಸಕ್ಕನ ಮನೆಯನ್ನು ನನ್ನದೆಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಆಯಿ ಆ ಬೆಂಚಿನ ಮೇಲೆ, ನನಗಿಂತ ಮುಂಚೆಯೇ, ಅದನ್ನು ಮನೆ ಎಂದಿದ್ದಳು. ಆಸ್ಪತ್ರೆಯಿಂದ ಅಲ್ಲಿಗೆ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ.