ಹಸಿರು ಬೊಟ್ಟಿನ ಫ್ಯಾನು

ಬೆಳಗ್ಗೆ ಆರೂಕಾಲು. ವಕ್ಕಲೇರಿಯಿಂದ ಮೂರು ಮೈಲಿ ಒಳಗಿರುವ ಹಳ್ಳಿಯೊಂದರ ಹಾಲಿನ ಡೈರಿ ಮುಂದೆ ಕ್ಯಾನುಗಳ ಸಾಲು ರಸ್ತೆಯವರೆಗೂ ಬಂದಿದೆ. ಒಳಗೆ ಕಂಪ್ಯೂಟರ್ ನಾಲ್ಕು ದಿನದಿಂದ ಹಟ ಹಿಡಿದು ಕೂತಿದೆ. ಗುಂಡಿ ಒತ್ತಿದರೆ ಎರಡು ಸಲ ಕೀರಲು ದನಿ ತೆಗೆದು, ಪ್ರೊಸೆಸರ್ ಫ್ಯಾನು ಸರಿಯಾಗಿ ತಿರುಗುತ್ತಿಲ್ಲ ಎಂದು ಪರದೆಯ ಮೇಲೆ ತೋರಿಸಿ ನಿಂತುಬಿಡುತ್ತದೆ. ಬಲವಂತವಾಗಿ ಮುಂದೆ ತಳ್ಳಿದರೆ ಹತ್ತು ನಿಮಿಷ ಓಡಿ ಆರಿಹೋಗುತ್ತದೆ. ಕಾರ್ಯದರ್ಶಿ ಕೋದಂಡರಾಮಪ್ಪ ಹಾಲಿನ ತೂಕವನ್ನೂ ಕೊಬ್ಬಿನ ಅಂಶವನ್ನೂ ಚೀಟಿಯಲ್ಲಿ ಬರೆದು ಬರೆದು ಕೈ ನೋಯಿಸಿಕೊಂಡಿದ್ದಾರೆ.

ಮೇಜಿನ ಪಕ್ಕ, ಗೋಣಿಚೀಲದ ಮೇಲೆ, ಬಿಚ್ಚಿಟ್ಟ ಕಂಪ್ಯೂಟರಿನ ಎದುರು ಕೂತವರು ಸುಗಟೂರಿನ ಶೋಭಾರಾಣಿ. ವಯಸ್ಸು ನಲವತ್ತಮೂರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಫ್ಯಾನಿನ ಸದ್ದು ಕೇಳುತ್ತಿದ್ದಾರೆ. ಪರದೆಯ ಮೇಲೆ ವೇಗದ ಅಂಕಿ ಒಂದು ಕಡೆ ನಿಲ್ಲುತ್ತಿಲ್ಲ. ನಿಮಿಷಕ್ಕೆ ಎರಡು ಸಾವಿರದ ಮುನ್ನೂರು ಸುತ್ತು ಅನ್ನುತ್ತದೆ, ಆರುನೂರಕ್ಕೆ ಇಳಿಯುತ್ತದೆ, ಸೊನ್ನೆ ಅನ್ನುತ್ತದೆ, ಮತ್ತೆ ಎರಡು ಸಾವಿರಕ್ಕೆ ಹಾರುತ್ತದೆ.

ಸಾಲಿನ ಮುಂದಿದ್ದ ಅಕ್ಕಯಮ್ಮ ಒಳಗೆ ಇಣುಕಿ, "ಏನ್ ಕೋದಂಡು, ಆ ಯಮ್ಮ ನಿದ್ದೆ ಮಾಡ್ತಾ ಐತಾ?" ಅನ್ನುತ್ತಾರೆ.

"ಸುಮ್ನಿರಕ್ಕ, ಕೇಳಿಸ್ಕೊಂತಾ ಅವ್ರೆ."

"ಕೇಳಿಸ್ಕೊಳ್ಳೋಕೆ ಅದೇನ್ ಹರಿಕಥೆ ಮಾಡ್ತಾ ಐತಾ?"

ಶೋಭಾರಾಣಿ ಕಣ್ಣು ಮುಚ್ಚಿಕೊಂಡೇ ನಗುತ್ತಾರೆ. ಆಮೇಲೆ ನಿಧಾನವಾಗಿ ವಿವರಿಸುತ್ತಾರೆ: "ಈ ಫ್ಯಾನಿಗೆ ಮೂರು ವೈರು. ಎರಡು ಕರೆಂಟಿಗೆ. ಮೂರನೇದು, ನಾನು ಇಷ್ಟು ಜೋರಾಗಿ ತಿರುಗ್ತಿದ್ದೀನಿ ಅಂತ ಬೋರ್ಡಿಗೆ ಹೇಳೋಕೆ. ಅಂಕಿ ಕುಣಿದ್ರೆ ಮೂವರಲ್ಲಿ ಒಬ್ಬರು ಸರಿ ಇಲ್ಲ ಅಂತ. ಫ್ಯಾನೋ, ವೈರೋ, ಬೋರ್ಡೋ. ಯಾರು ಅಂತ ಗೊತ್ತಾಗದೆ ಯಾರನ್ನೂ ಬೈಯಬಾರದು."

ಮೊದಲು ವೈರನ್ನು ಮೆಲ್ಲಗೆ ಅಲ್ಲಾಡಿಸುತ್ತಾರೆ. ಪಿನ್ನು ಬಿಗಿಯಾಗಿಯೇ ಇದೆ. ಡಬ್ಬದ ಹಿಂಬದಿಯಲ್ಲಿರುವ ಇನ್ನೊಂದು ಫ್ಯಾನಿನ ವೈರನ್ನು ತಂದು ಅದೇ ಜಾಗಕ್ಕೆ ಸಿಕ್ಕಿಸುತ್ತಾರೆ. ಅಂಕಿ ಸಾವಿರದ ನೂರರ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಬೋರ್ಡಿನ ತಪ್ಪಿಲ್ಲ. ಹಾಗಾದರೆ ಫ್ಯಾನೇ.

"ನಾನ್ ಮೊದಲೇ ಅಂದ್ನಲ್ಲ," ಎಂದು ಕೋದಂಡರಾಮಪ್ಪ ಕೋಲಾರದಿಂದ ತರಿಸಿಟ್ಟ ಹೊಸ ಫ್ಯಾನಿನ ಡಬ್ಬ ಮುಂದೆ ಚಾಚುತ್ತಾರೆ. ಶೋಭಾರಾಣಿ ಅದನ್ನು ಪಕ್ಕಕ್ಕಿಡುತ್ತಾರೆ. "ಇರಿ ಅಣ್ಣ, ಹಿಂದುಗಡೆ ನೋಡೋಣ."

ಹಿಂದುಗಡೆ ನೋಡುವುದು ಅವರ ಹನ್ನೊಂದು ವರ್ಷದ ಅಭ್ಯಾಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕು ತಾಲ್ಲೂಕಿನಲ್ಲಿ ಹಾಲಿನ ಡೈರಿ, ಶಾಲೆ, ಜೆರಾಕ್ಸ್ ಅಂಗಡಿ ಎಂದು ಸ್ಕೂಟರಿನಲ್ಲಿ ದಿನಕ್ಕೆ ಎಂಬತ್ತು ಕಿಲೋಮೀಟರ್ ಸುತ್ತಿ, ನಾಲ್ಕೈದು ಕಂಪ್ಯೂಟರ್ ಬಿಚ್ಚುತ್ತಾರೆ. ಎಷ್ಟೋ ಕಡೆ ಕುಡಿಯಲು ನೀರು ಕೊಟ್ಟು, "ಮೆಕ್ಯಾನಿಕ್ ಎಷ್ಟೊತ್ತಿಗೆ ಬರ್ತಾರಮ್ಮ?" ಎಂದು ಕೇಳಿದವರಿದ್ದಾರೆ. ಎಲ್ಲಿಗೆ ಹೋದರೂ, ಕೆಟ್ಟಿರುವುದು ಬೇರೇನೇ ಆಗಿದ್ದರೂ, ಪ್ರೊಸೆಸರಿನ ಮೇಲಿನ ಫ್ಯಾನನ್ನು ಒಮ್ಮೆ ಬಿಚ್ಚಿ ಬೆನ್ನಿನ ಸ್ಟಿಕ್ಕರ್ ನೋಡದೆ ಅವರು ಏಳುವುದಿಲ್ಲ. ಒಬ್ಬಳ ಗುರುತು ಹುಡುಕುತ್ತಿದ್ದಾರೆ. ಆಕೆಯ ಹೆಸರು ಮುನಿಲಕ್ಷ್ಮಿ, ಊರು ಲಕ್ಕೂರು.

ಪಿಯುಸಿ ಮುಗಿಸಿ ಮದುವೆಯಾದ ಶೋಭಾರಾಣಿ ಇಪ್ಪತ್ತೆರಡನೇ ವಯಸ್ಸಿಗೆ ಮಾಲೂರಿನ ಕಡೆಯ ಫ್ಯಾಕ್ಟರಿಯೊಂದಕ್ಕೆ ಸೇರಿದರು. ಅಲ್ಲಿ ತಯಾರಾಗುತ್ತಿದ್ದದ್ದು ಇವೇ, ಅಂಗೈಯಗಲದ ಫ್ಯಾನುಗಳು. ಉದ್ದನೆಯ ಮೇಜಿನ ಕೊನೆಯಲ್ಲಿ ಇಬ್ಬರು ಪರೀಕ್ಷೆ ಮಾಡುವವರು: ಶೋಭಾರಾಣಿ, ಮುನಿಲಕ್ಷ್ಮಿ. ಫ್ಯಾನಿಗೆ ಕರೆಂಟು ಕೊಡಬೇಕು, ಅಂಕಿ ನೋಡಬೇಕು, ಕಿವಿಯ ಹತ್ತಿರ ಹಿಡಿಯಬೇಕು. ಸರಿಯಿದ್ದರೆ ಬೆನ್ನಿನ ಸ್ಟಿಕ್ಕರಿನ ಮೇಲೆ ಬಣ್ಣದ ಚುಕ್ಕೆ. ಶೋಭಾರಾಣಿಯದು ಹಸಿರು, ಮುನಿಲಕ್ಷ್ಮಿಯದು ಹಳದಿ. ದಿನಕ್ಕೆ ತಲಾ ಒಂಬೈನೂರು. ಸಂಜೆ ಚುಕ್ಕೆ ಎಣಿಸಿ ಹಲಗೆಯ ಮೇಲೆ ಬರೆಯುತ್ತಿದ್ದರು.

"ನನ್ನ ಬ್ರಷ್ಷು ಯಾವಾಗ್ಲೂ ಹರಡೋದು. ಕೋಳಿ ಕಾಲಿಟ್ಟಂಗಿರೋದು ನನ್ನ ಚುಕ್ಕೆ. ಅವಳು ಬ್ರಷ್ ಮುಟ್ತಾನೇ ಇರ್ಲಿಲ್ಲ. ಬೆಂಕಿಕಡ್ಡಿ ತುದಿಯಲ್ಲಿ ದುಂಡಗೆ ಬೊಟ್ಟು ಇಡೋಳು, ಹಣೆಗೆ ಇಟ್ಟಂಗೆ. ಇಟ್ಟು, 'ಪೋಯಿ ರಾ ತಲ್ಲಿ' ಅನ್ನೋಳು. ಹೋಗಿ ಬಾರಮ್ಮ ಅಂತ. ದಿನಕ್ಕೆ ಒಂಬೈನೂರು ಸಲ ಅಂದ್ರೆ ನನಗೆಷ್ಟು ತಲೆನೋವು ಹೇಳಿ," ಎನ್ನುತ್ತಾರೆ ಶೋಭಾರಾಣಿ, ಬರೆದುಕೊಳ್ಳಲು ಬಂದ ಪತ್ರಿಕೆಯವರತ್ತ ತಿರುಗಿ.

2011ರಲ್ಲಿ ಶೋಭಾರಾಣಿ ಬಸುರಿಯಾದರು. ಮೂರು ತಿಂಗಳು ವಾಂತಿ. ಬಣ್ಣದ ವಾಸನೆ ಬಂದರೆ ಸಾಕು, ಎದ್ದು ಓಡಬೇಕು. ಲೆಕ್ಕ ಕಡಿಮೆಯಾದರೆ ಕೆಲಸ ಹೋಗುತ್ತದೆ. ಮುನಿಲಕ್ಷ್ಮಿ ಹಸಿರು ಬಣ್ಣದ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ದಿನಕ್ಕೆ ಇನ್ನೂರು, ಕೆಲವು ದಿನ ಮುನ್ನೂರು ಫ್ಯಾನು ತಾನೇ ಪರೀಕ್ಷೆ ಮಾಡಿ, ಹಸಿರು ಬೊಟ್ಟಿಟ್ಟು, ಗೆಳತಿಯ ಟ್ರೇಗೆ ಹಾಕಿದಳು. ಹಲಗೆಯ ಮೇಲೆ ಅವಳ ಹಳದಿ ಅಷ್ಟಷ್ಟೇ ಕೆಳಗಿಳಿಯಿತು.

ಮರುವರ್ಷ ಆರ್ಡರು ಕಡಿಮೆಯಾಗಿ ಫ್ಯಾಕ್ಟರಿಯವರು ಕೆಲವರನ್ನು ಬಿಡಿಸಿದರು. ಹಳೆಯ ಲೆಕ್ಕ ತೆಗೆದು ನೋಡಿದರು. ಮುನಿಲಕ್ಷ್ಮಿಯ ಹೆಸರು ಕೆಳಗಿತ್ತು. ಶೋಭಾರಾಣಿಯ ಹೆಸರು ಉಳಿಯಿತು.

"ಆವತ್ತು ಸೂಪರ್‌ವೈಸರ್ ಮುಂದೇನೇ ನಿಂತಿದ್ದೆ," ಎಂದು ಅವರು ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತಾ ಹೇಳುತ್ತಾರೆ. "ಮನೇಲಿ ಐದು ತಿಂಗಳ ಕೂಸು. ಯಜಮಾನ್ರ ಟೊಮೆಟೊ ಆ ವರ್ಷ ಕೈಗೆ ಹತ್ತಲಿಲ್ಲ. ಬಾಯಿ ಬಿಡಲಿಲ್ಲ ನಾನು. ಅವಳೂ ಏನೂ ಅನ್ನಲಿಲ್ಲ. ಹೋಗುವಾಗ ನನ್ನ ಟಿಫನ್ ಬಾಕ್ಸ್ ತೊಳೆದಿಟ್ಟು ಹೋದಳು."

ಎರಡು ವರ್ಷಕ್ಕೆ ಫ್ಯಾಕ್ಟರಿಯೇ ಮುಚ್ಚಿತು. ಧೈರ್ಯ ಮಾಡಿ ಶೋಭಾರಾಣಿ ಲಕ್ಕೂರಿಗೆ ಹೋದಾಗ ಮುನಿಲಕ್ಷ್ಮಿಯ ಬಾಡಿಗೆ ಮನೆಯಲ್ಲಿ ಬೇರೆಯವರಿದ್ದರು. ಗಂಡನ ಕೆಲಸಕ್ಕೆಂದು ಹೊಸೂರಿನ ಕಡೆ ಹೋದರಂತೆ, ಅಷ್ಟೇ ತಿಳಿದದ್ದು. ಫೋನ್ ನಂಬರು ಸತ್ತಿತ್ತು. ಆಮೇಲೆ ಕೋಲಾರದಲ್ಲಿ ಆರು ತಿಂಗಳ ರಿಪೇರಿ ತರಬೇತಿ ಮುಗಿಸಿ, ಅಂಗಡಿಯೊಂದರಲ್ಲಿ ಧೂಳು ಹೊಡೆಯುವ ಕೆಲಸಕ್ಕೆ ಸೇರಿದರು. ಒಂದು ದಿನ ಯಾರೂ ಕಂಡುಹಿಡಿಯದ ಸದ್ದನ್ನು ದೂರದಿಂದಲೇ "ಬೇರಿಂಗ್ ಹೋಗಿದೆ" ಎಂದರು. ಅಂದೇ ಅಂಗಡಿಯವರು ಪೊರಕೆ ತೆಗೆದಿಟ್ಟು ಸ್ಕ್ರೂಡ್ರೈವರ್ ಕೊಟ್ಟರು.

ಹನ್ನೊಂದು ವರ್ಷದಲ್ಲಿ ಹರಡಿದ ಹಸಿರು ಚುಕ್ಕೆ, ಅಂದರೆ ಅವರದೇ ಚುಕ್ಕೆ, ಹದಿನಾಲ್ಕು ಸಿಕ್ಕಿವೆ. ಹಳದಿ ಬೊಟ್ಟು ಒಂದೇ ಒಂದು ಸಲ, ಶ್ರೀನಿವಾಸಪುರದ ಶಾಲೆಯೊಂದರಲ್ಲಿ. ಅದನ್ನು ಮುಟ್ಟಿ, ಮತ್ತೆ ಮುಚ್ಚಿ ಬಂದರು.

ಈ ಡೈರಿಯ ಫ್ಯಾನಿನ ನಾಲ್ಕು ಕಾಲು ತಿರುಗಿಸಿ ಮೇಲೆತ್ತುತ್ತಾರೆ. ಬೂಸಾ ಧೂಳು ಉದುರುತ್ತದೆ. ಅಕ್ಕಯಮ್ಮ ಕ್ಯಾನು ಕೆಳಗಿಟ್ಟು, ಯಾರೂ ಹೇಳದೆಯೇ ಫೋನಿನ ಟಾರ್ಚ್ ಹಿಡಿದು ಬಂದು ನಿಂತಿದ್ದಾರೆ. ಶೋಭಾರಾಣಿ ಬೆರಳಿನಿಂದ ರೆಕ್ಕೆ ತಿರುಗಿಸುತ್ತಾರೆ. ಒಳ್ಳೆಯ ಫ್ಯಾನು ಸುತ್ತಿ ಸುತ್ತಿ ತಾನಾಗಿ ನಿಧಾನವಾಗುತ್ತದೆ. ಇದು ಯಾರೋ ಹಿಡಿದೆಳೆದಂತೆ ಅರ್ಧಕ್ಕೇ ನಿಲ್ಲುತ್ತದೆ. ರೆಕ್ಕೆಯ ಬುಡದಲ್ಲಿ, ಕಂಡೂ ಕಾಣದಂತೆ, ಏನೋ ಮಿನುಗುತ್ತದೆ. ಚಿಮಟದಿಂದ ಎಳೆದರೆ ಬರುತ್ತಲೇ ಇದೆ. ರೇಷ್ಮೆ ಎಳೆ.

"ಅಣ್ಣ, ಇಲ್ಲಿ ಗೂಡು ಬಿಡಿಸ್ತೀರಾ?"

ಕೋದಂಡರಾಮಪ್ಪ ಚೀಟಿ ನೋಡುತ್ತಾರೆ. ಅಕ್ಕಯಮ್ಮನೇ ಬಾಯಿ ಬಿಡುತ್ತಾರೆ: "ಹೇಳು ಮತ್ತೆ. ಹತ್ತು ಗಂಟೆಗೆ ಡೈರಿ ಬಾಗಿಲು ಹಾಕ್ತಾನೆ, ಹಿಂದಿನ ಬಾಗಿಲಿಂದ ಹೆಂಡ್ತಿ ರೇಷ್ಮೆಹುಳ ಗೂಡು ಕಟ್ಟಿರೋ ಚಂದ್ರಿಕೆ ತಟ್ಟೆ ತಂದು ಬಿಡಿಸ್ತಾ ಕೂತ್ಕೊಂತಾಳೆ. ಇರುವೆ ಇಲ್ಲ, ನೆರಳೈತೆ, ಮೇಲೆ ಫ್ಯಾನೈತೆ. ಊರಿಗೆಲ್ಲಾ ಗೊತ್ತು."

"ಡೈರಿ ಕಮಿಟಿಯವರಿಗೆ ಗೊತ್ತಿಲ್ಲ ಅಕ್ಕ, ಮೆಲ್ಲಗೆ."

ಗೂಡಿನ ಮೇಲಿನ ಹಗುರ ಎಳೆಗಳು ಗಾಳಿಯಲ್ಲಿ ಹಾರಿ, ಬಾಗಿಲು ಹಾಕಿದರೂ ಆರಿಸದೆ ಬಿಟ್ಟ ಕಂಪ್ಯೂಟರಿನೊಳಗೆ ಸೇರಿ, ಅಚ್ಚಿಗೆ ಸುತ್ತಿಕೊಂಡಿವೆ. ಎಳೆ ಬಿಗಿದಾಗ ಫ್ಯಾನು ನಿಲ್ಲುತ್ತದೆ, ಸಡಿಲವಾದಾಗ ಓಡುತ್ತದೆ. ಹೊಸ ಫ್ಯಾನು ಹಾಕಿದ್ದರೂ ಎರಡು ತಿಂಗಳಿಗೆ ಇದೇ ಪಾಡು. ರೆಕ್ಕೆ ಬಿಚ್ಚಿ ಎಳೆ ತೆಗೆಯಬೇಕಾದರೆ ಬೆನ್ನಿನ ಸ್ಟಿಕ್ಕರ್ ಎತ್ತಬೇಕು. ಶೋಭಾರಾಣಿ ಫ್ಯಾನನ್ನು ಬೋರಲು ಹಾಕಿ, ಸೆರಗಿನಿಂದ ಧೂಳು ಒರೆಸುತ್ತಾರೆ. ಒರೆಸುವ ಕೈ ಅಲ್ಲೇ ನಿಲ್ಲುತ್ತದೆ.

ಸ್ಟಿಕ್ಕರಿನ ಮೇಲೆ ಹಸಿರು. ಆದರೆ ಹರಡಿಲ್ಲ. ಚಿಕ್ಕದು, ದುಂಡಗೆ, ಬೆಂಕಿಕಡ್ಡಿ ತುದಿಯಷ್ಟು. ಕೆಳಗೆ ಮುದ್ರೆಯ ತಾರೀಖು 2011.

"ಇದು ಅವಳ ಕೈ," ಎನ್ನುತ್ತಾರೆ. "ನನ್ನ ಹೆಸರಲ್ಲಿ ಅವಳು ಇಟ್ಟಿದ್ದು."

ಅಕ್ಕಯಮ್ಮ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿಯುತ್ತಾರೆ. ಹೊರಗೆ ಹಾಲಿನ ವ್ಯಾನಿನ ಹಾರ್ನು ಕೇಳಿಸುತ್ತದೆ. ಸಾಲಿನಲ್ಲಿ ಇದ್ದವರು ತಾವಾಗಿಯೇ ಕ್ಯಾನುಗಳನ್ನು ಕೋದಂಡರಾಮಪ್ಪನ ಹತ್ತಿರ ದಾಟಿಸಲು ಶುರು ಮಾಡುತ್ತಾರೆ. ಶೋಭಾರಾಣಿ ಸ್ಟಿಕ್ಕರನ್ನು ಬೊಟ್ಟಿಗೆ ಏನೂ ಆಗದಂತೆ ಅಂಚಿನಿಂದ ಎತ್ತಿ, ಎಳೆಗಳನ್ನೆಲ್ಲ ತೆಗೆದು, ಅಚ್ಚಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಸ್ಟಿಕ್ಕರನ್ನು ಮತ್ತೆ ಒತ್ತಿ ಅಂಟಿಸುತ್ತಾರೆ.

"ಹಳೇದನ್ನ ನೀವೇ ಇಟ್ಕೊಳ್ಳಿ ತಾಯಿ," ಎನ್ನುತ್ತಾರೆ ಕೋದಂಡರಾಮಪ್ಪ. "ಹೆಂಗೂ ಹೊಸದು ತಂದಿದೀನಿ. ಹಾಕಿಬಿಡಿ."

ಫ್ಯಾನು ಅವರ ಅಂಗೈಯಲ್ಲಿದೆ. ಹನ್ನೊಂದು ವರ್ಷ ಇದಕ್ಕಾಗಿಯೇ ಒಂದೊಂದೂ ಬಿಚ್ಚಿದ್ದು. ಒಂದು ಕ್ಷಣ ಬೆರಳುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ.

"ಇದಕ್ಕೇನೂ ಆಗಿಲ್ಲ ಅಣ್ಣ. ಇನ್ನೂ ಐದು ವರ್ಷ ತಿರುಗುತ್ತೆ. ಅವಳು ಸರಿ ಇದೆ ಅಂತ ಕಳಿಸಿದ್ದನ್ನ ನಾನು ಕೆಟ್ಟಿದೆ ಅಂತ ಕಿತ್ಕೊಂಡು ಹೋಗಲಾ? ಹೊಸದನ್ನ ಅಂಗಡಿಗೆ ವಾಪಸ್ ಕೊಡಿ. ಗೂಡನ್ನ ಬೇರೆ ಕಡೆ ಬಿಡಿಸಿ."

ಫ್ಯಾನು ತನ್ನ ಜಾಗಕ್ಕೆ ಹೋಗುತ್ತದೆ. ಅಂಕಿ ಎರಡು ಸಾವಿರದ ಮುನ್ನೂರಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಯಂತ್ರದ ಬಾಯಿಂದ ಮೊದಲ ಚೀಟಿ ಬರುವುದು ಅಕ್ಕಯಮ್ಮನದು. ಅದನ್ನು ರವಿಕೆಗೆ ಸಿಕ್ಕಿಸಿಕೊಂಡು, ಸ್ಟೀಲ್ ಲೋಟದಲ್ಲಿ ಬಿಸಿ ಹಾಲು ತಂದು ಶೋಭಾರಾಣಿಯ ಪಕ್ಕ ಇಟ್ಟು ಹೋಗುತ್ತಾರೆ.

ಪತ್ರಿಕೆಗೆ ಒಂದು ಫೋಟೋ ಎಂದರೆ ಶೋಭಾರಾಣಿ ಬೇಡವೆಂದು ತಲೆಯಾಡಿಸುತ್ತಾರೆ. ಮಗಳು ರಂಜಿತ ಒಂಬತ್ತನೇ ಕ್ಲಾಸು, ಅವಳು ನಗುತ್ತಾಳಂತೆ. ಬದಲಿಗೆ ಬೇರೊಂದು ಕೇಳುತ್ತಾರೆ.

"ಲಕ್ಕೂರಿನ ಮುನಿಲಕ್ಷ್ಮಿ ಅಂತ ಹೆಸರು ಹಾಕಿ. ಅವಳು ಪೇಪರ್ ತರಿಸೋಳಲ್ಲ. ಆದ್ರೆ ಬೋಂಡಾ ಕಟ್ಟಿದ ಪೇಪರನ್ನೂ ಓದದೆ ಬಿಸಾಡೋಳಲ್ಲ. ಯಾವತ್ತಾದ್ರೂ ಕೈಗೆ ಸಿಗುತ್ತೆ." ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾರೆ. "ಆ ಮೂರು ತಿಂಗಳ ಲೆಕ್ಕ ನಂದಲ್ಲ, ಅವಳದು ಅಂತ ಬರೀರಿ. ಅವತ್ತೇ ಹೇಳಬೇಕಾಗಿತ್ತು ನಾನು."