ತುಟಿಯೊಳಗಿನ ಗುಳ್ಳೆ

ನನ್ನ ಕೆಳತುಟಿಯ ಒಳಗೆ ಕಡಲೆಕಾಳಿನಷ್ಟು ಒಂದು ಗುಳ್ಳೆ ಇತ್ತು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ಗುಳ್ಳೆ ಪಾಪ, ನನಗೇನೂ ಮಾಡಲಿಲ್ಲ. ಮಾಡಿದ್ದೆಲ್ಲ ನನ್ನ ಸೋದರತ್ತೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷವಾಗಿತ್ತು. ಭಾಲ್ಕಿಗೆ ಕೊಟ್ಟಿದ್ದ ಈ ಅತ್ತೆ ತನ್ನ ಮಗನಿಗೆ ನನ್ನನ್ನೇ ತಂದುಕೊಳ್ಳುವುದಾಗಿ ಮಾತು ಕೊಟ್ಟಿದ್ದಳು. ಔರಾದ ಕಡೆಯ ನಮ್ಮೂರು ಡಾಬಕಾಕ್ಕೆ ಬಂದವಳು, ನಾನು ನಗುವಾಗ ಆ ನೀಲಿ ಗುಳ್ಳೆ ನೋಡಿಬಿಟ್ಟಳು. ಅದಕ್ಕೆ ನೋವಿಲ್ಲ, ಕೀವಿಲ್ಲ. ಒಡೆದರೆ ಬೆಂಡೆಕಾಯಿಯ ಲೋಳೆಯಂಥದ್ದು ಬರುತ್ತಿತ್ತು, ಎಂಟು ದಿನಕ್ಕೆ ಮತ್ತೆ ತುಂಬಿಕೊಳ್ಳುತ್ತಿತ್ತು. ಇಷ್ಟನ್ನು ಕೇಳುವ ವ್ಯವಧಾನ ಅವಳಿಗೆಲ್ಲಿ? ನನ್ನ ನೀರಿನ ತಂಬಿಗೆ ಬೇರೆ ಇಡಿಸಿದಳು.

"ಅಣ್ಣಾ, ಹುಡುಗಿಗಿ ಕೆಟ್ಟ ರೋಗ ಅದ. ನನ್ನ ಮಗಗ ಬ್ಯಾಡ," ಎಂದು ಓಣಿಗೆಲ್ಲ ಕೇಳುವಂತೆ ಅಪ್ಪನಿಗೆ ಹೇಳಿದಳು. ಸಂಜೆಯೊಳಗೆ ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಬಾಯಿಯನ್ನೇ ನೋಡತೊಡಗಿದರು. ಈ ಅಪವಾದ ಹೀಗೇ ಉಳಿದರೆ ನನ್ನನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ ಎಂದು ಅವ್ವ ಅತ್ತಳು.

ಅಪ್ಪ ಹಟ ಹಿಡಿದು ನನ್ನ ಜೊತೆ ಅತ್ತೆಯನ್ನೂ ಬೀದರದ ದವಾಖಾನೆಗೆ ಕರೆದೊಯ್ದ. ಶೇರ್ವಾನಿ ತೊಟ್ಟ ಮುದುಕ ಡಾಕ್ಟರು ತುಟಿ ಮಡಚಿ ನೋಡಿದರು, ಬೆರಳಿನಿಂದ ಮೆಲ್ಲಗೆ ಒತ್ತಿದರು. ಆಮೇಲೆ ನನ್ನ ಮೇಲಿನ ಹಲ್ಲು ನೋಡಿದರು.

"ತುಟಿ ಕಚ್ಚೋ ಆದತ್ ಅದ ಏನವ್ವ?"

"ಹೌದ್ರಿ."

"ಕಚ್ಚಿ ಕಚ್ಚಿ ಒಳಗಿನ ಉಗುಳಿನ ಸಣ್ಣ ನಾಳ ಒಡದಾದ. ಉಗುಳು ಅಲ್ಲೇ ನಿಂತು ಗುಳ್ಳಿ ಆಗ್ಯಾದ. ಇದು ಯಾರಿಗೂ ಹತ್ತೋದಲ್ಲ. ಚೂರು ಕೊಯ್ದು ತೆಗದ ಬಿಡ್ತೀನಿ, ಆದ್ರ ಕಚ್ಚೋದು ನಿಲ್ಲಬೇಕು. ಯಾವಾಗಿನಿಂದ ಕಚ್ತಿ?"

ನಾನು ಹೇಳಿದೆ. ರಜಾಕಾರರ ಗದ್ದಲದಲ್ಲಿ ಮನೆಯ ಹೆಂಗಸರು, ಆಸರೆಗೆ ಬಂದಿದ್ದ ನೆಂಟರ ಹೆಂಗಸರು ಎಲ್ಲ ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಳಿದು ಅಡಗಿದ್ದೆವು. ಮೇಲೆ ಹೆಜ್ಜೆ ಸಪ್ಪಳ. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದವಳು ನನ್ನ ಗದ್ದ ಹಿಡಿದು, "ತುಟಿ ಕಚ್ಚಿ ಹಿಡಿ, ಸಪ್ಪಳ ಮಾಡಬ್ಯಾಡ" ಎಂದಳು. ರಕ್ತ ಬರುವವರೆಗೆ ಕಚ್ಚಿದೆ. ಅಂದಿನಿಂದ ಹೆದರಿಕೆಯಾದಾಗಲೆಲ್ಲ ಹಲ್ಲು ತಾನಾಗಿ ಅಲ್ಲಿಗೇ ಹೋಗುತ್ತಿತ್ತು.

ಹೊರಗೆ ಬಂದದ್ದೇ ಅತ್ತೆಯ ಮುಖ ಅರಳಿತು. "ಹತ್ತೋ ರೋಗ ಅಲ್ಲಂದ್ರ ಆತು ಬಿಡು. ಶ್ರಾವಣ ಕಳದ ಮ್ಯಾಲ ಲಗ್ನ ಮಾಡೂಣು."

ಎಂಥ ನಾಚಿಕೆಗೇಡು! ಒಂದು ಕ್ಷಮೆಯ ಮಾತೂ ಇಲ್ಲ.

"ಅತ್ತಿ, ಹಗೇದಾಗ ನನ್ನ ಗದ್ದ ಹಿಡದಾಕಿ ನೀನ ಅಲ್ಲೇನು?" ಎಂದೆ, ದವಾಖಾನೆಯ ಮಂದಿಗೆಲ್ಲ ಕೇಳುವಂತೆ. "ನನಗ ನಿನ್ನ ಮನಿ ಬ್ಯಾಡ."

ಸುಮ್ಮನಿರು ಎಂದು ಅಪ್ಪ ಅನ್ನಲಿಲ್ಲ.